ಮೂರು ಸಲ ಹೋದರೂ ಸಿಗದ ದೋಷ

ಬಾಯ್ಲರಿನ ಪೈಲಟ್ ಉರಿ ಆರಿಹೋಗಿದೆ ಎಂದು ಯಾರಾದರೂ ಕರೆದರೆ, ನೆಟ್ಟಗೆ ಬಾಯ್ಲರ್ ಹತ್ತಿರ ಓಡಬೇಡಿ. ಮೊದಲು ಬಾಗಿಲು ತೆಗೆದವರ ಮುಖ ನೋಡಿ. ತಲೆನೋವು ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ನಿಮ್ಮನ್ನು ಯಾರೂ ಹೊಡೆಯುವುದಿಲ್ಲ. ನಾನು ಕೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅದರಿಂದ ಒಂದು ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು.

ಟೆಕ್ಸಸ್ಸಿನ ಲಿಟಲ್ ಎಲ್ಮ್‌ನಲ್ಲಿ ನಮ್ಮ ಬೀದಿಯ ಕನ್ನಡದವರ ಮಗಳೊಬ್ಬಳು ಈಚೆಗೆ ಹೀಟಿಂಗ್ ರಿಪೇರಿ ಕೆಲಸ ಕಲಿಯಲು ಸೇರಿದ್ದಾಳೆ. ಅವಳ ಅಪ್ಪ ಅಮ್ಮನ ಮುಖ ಸಪ್ಪಗಾಗಿದೆ. ನನಗೆ ಮಾತ್ರ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ. "ಅಂಕಲ್, ಹೌ ವಾಸ್ ಇಟ್, ರಿಯಲಿ?" ಎಂದು ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ, ಅಮ್ಮನ ಕಿವಿಗೂ ಬೀಳಲಿ.

ನಾನು ಮೈಸೂರಿನವನು. ಹೆಸರು ಶ್ಯಾಮಸುಂದರ. ಅರವತ್ತರ ದಶಕದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ಆಸ್ಟಿನ್ನಿಗೆ ಬಂದೆ. ಎರಡನೆಯ ವರ್ಷ ಎರಡು ವಿಷಯದಲ್ಲಿ ಡುಮ್ಕಿ ಹೊಡೆದೆ. ಓದು ಅಲ್ಲಿಗೇ ಮುಗಿಯಿತು. ಆ ಡಿಸೆಂಬರಿನಲ್ಲಿ ನಾನಿದ್ದ ಹಳೆಯ ಬಾಡಿಗೆ ಮನೆಯ ಬಾಯ್ಲರ್ ಕೆಟ್ಟಿತು. ಬಾಯ್ಲರ್ ಎಂದರೆ ಮೈಸೂರಿನ ನಮ್ಮ ಬಚ್ಚಲಿನ ತಾಮ್ರದ ಬಾಯ್ಲರಿನ ಹಾಗೆಯೇ, ನೀರು ಕಾಯಿಸುವುದು. ಸೌದೆಯ ಬದಲು ಗ್ಯಾಸ್. ಅದರ ಬುಡದಲ್ಲಿ ಬೆರಳುದ್ದದ ಒಂದು ಉರಿ ಹಗಲೂ ರಾತ್ರಿ ಇರುತ್ತದೆ, ಅದೇ ಪೈಲಟ್. ನೀರು ತಣ್ಣಗಾದಾಗ ಆ ಉರಿಯಿಂದಲೇ ದೊಡ್ಡ ಬರ್ನರ್ ಹತ್ತಿಕೊಳ್ಳುತ್ತದೆ. ಪೈಲಟ್ ಪಕ್ಕದಲ್ಲಿ ಥರ್ಮೋಕಪಲ್ ಎಂಬ ತಾಮ್ರದ ಕಡ್ಡಿ ಇರುತ್ತದೆ. ಪೈಲಟ್ ಆರಿದರೆ ಅದು ತಣ್ಣಗಾಗಿ ಗ್ಯಾಸ್ ನಿಲ್ಲಿಸುತ್ತದೆ.

ರಿಪೇರಿಗೆ ಬಂದವನು ಅರ್ಲ್ ಎಂಬ ದಪ್ಪ ಹೊಟ್ಟೆಯ ಟೆಕ್ಸಸ್ ಮನುಷ್ಯ. ಅವನ ಬೆನ್ನ ಹಿಂದೆ ನಿಂತು ನಾನು ಉಷ್ಣತೆ ಹೇಗೆ ಹರಿಯುತ್ತದೆ, ಥರ್ಮೋಕಪಲ್‌ನಲ್ಲಿ ವಿದ್ಯುತ್ ಹೇಗೆ ಹುಟ್ಟುತ್ತದೆ ಎಂದು ಪಾಠ ಒಪ್ಪಿಸಿದೆ. ಅವನು ಎಲ್ಲ ಕೇಳಿಸಿಕೊಂಡು ಮೇಲೆದ್ದ.

"ಎಷ್ಟು ದಿನದಿಂದ ಬಿಸಿನೀರಿಲ್ಲ?"

"ಒಂಬತ್ತು ದಿನ."

"ಇಷ್ಟೆಲ್ಲ ಗೊತ್ತಿದ್ದೂ ಒಂಬತ್ತು ದಿನ ತಣ್ಣೀರಲ್ಲಿ ಸ್ನಾನ ಮಾಡಿದ್ಯಾ?"

ಮರ್ಯಾದೆ ಹೋಯಿತು. ಆದರೆ ಮುಂದಿನ ವಾರದಿಂದ ಅವನ ಕೈಕೆಳಗೆ ಕೆಲಸಕ್ಕೆ ಸೇರಿದೆ. ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ 'ಸ್ಯಾಮ್' ಎಂದು ಹೊಲಿದುಕೊಟ್ಟರು. ಅಪ್ಪನಿಗೆ ಮಾತ್ರ 'ಬಾಯ್ಲರ್ ಇಂಜಿನಿಯರ್ ಆಗಿದ್ದೇನೆ' ಎಂದು ಬರೆದೆ. ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬೀದಿಬೀದಿ ತೋರಿಸಿದರಂತೆ. ನಮ್ಮ ಹುಡುಗ ರೈಲು ಎಂಜಿನ್ನಿನಷ್ಟು ದೊಡ್ಡ ಬಾಯ್ಲರುಗಳನ್ನು ಡಿಸೈನ್ ಮಾಡುತ್ತಾನೆ ಎಂದು ತಾವೇ ಒಂದಿಷ್ಟು ಸೇರಿಸಿದರಂತೆ. ಆಮೇಲೆ ನಿಜ ಹೇಳಲು ನನಗೆ ಬಾಯೇ ಬರಲಿಲ್ಲ.

ಅರ್ಲ್ ನನ್ನನ್ನು ಡಲ್ಲಾಸಿಗೆ ಕರೆದುಕೊಂಡು ಹೋದ. ಅಲ್ಲಿ ನನ್ನ ಮೊದಲ ದೊಡ್ಡ ಎಡವಟ್ಟು. ಒಬ್ಬ ಅಜ್ಜಿಯ ಮನೆ, ಒಬ್ಬರೇ ಇದ್ದರು. ದಿನಾ ಸಂಜೆ ಪೈಲಟ್ ಆರುತ್ತಿತ್ತು, ದಿನಾ ಬೆಳಿಗ್ಗೆ ನಾನು ಹೋಗಿ ಹಚ್ಚುತ್ತಿದ್ದೆ. ಥರ್ಮೋಕಪಲ್ ಬದಲಾಯಿಸಿದೆ. ಗ್ಯಾಸ್ ವಾಲ್ವ್ ಬದಲಾಯಿಸಿದೆ. ಪೈಲಟ್ಟಿನ ತೂತನ್ನು ಸೂಜಿಯಿಂದ ಚುಚ್ಚಿ ಶುಚಿ ಮಾಡಿದೆ. ಕೊಳವೆಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡಿದೆ. ಐದನೆಯ ದಿನ ಅರ್ಲ್ ಬಂದ. ಬಂದವನು ಚೀಲವನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತು ಅಜ್ಜಿ ಕೊಟ್ಟ ಪೀಚ್ ಪೈ ತಿನ್ನತೊಡಗಿದ. ಎರಡು ತುಂಡು ತಿಂದ. ನನಗೋ ಮೈಯೆಲ್ಲ ಉರಿ. ಸಂಜೆ ಐದಾಯಿತು. ಅಜ್ಜಿ ಎದ್ದು ಹಿಂಬಾಗಿಲು ತೆಗೆದು ಬೆಕ್ಕನ್ನು ಕರೆದರು. ಗಾಳಿ ಒಳಗೆ ನುಗ್ಗಿತು. ಪಕ್ಕದ ಕಪಾಟಿನಲ್ಲಿದ್ದ ಪೈಲಟ್ 'ಪುಸ್' ಎಂದು ಆರಿತು.

"ಸ್ಯಾಮ್, ನೀನಿಲ್ಲದಾಗ ಈ ಮನೆ ಹೆಂಗಿರುತ್ತೆ ಅಂತ ಯಾವತ್ತಾದ್ರೂ ಕೇಳಿದೀಯಾ?" ಎಂದ ಅರ್ಲ್. "ನೀನು ಬಂದಾಗ ಎಲ್ಲ ಸರಿಯಾಗೇ ಇರುತ್ತೆ. ಜನ ಗುಡಿಸಿ ಸಾರಿಸಿ ಇಟ್ಟಿರ್ತಾರೆ. ಕೆಡೋದು ನೀನು ಹೋದ ಮೇಲೆ."

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಇದನ್ನು ಕಲಿತೂ ಮುಂದೆ ಹೂಸ್ಟನ್‌ನಲ್ಲಿ ಬೆಪ್ಪನಂತೆ ವರ್ತಿಸಿದೆ, ಅದನ್ನೇ ಹೇಳಲು ಹೊರಟಿದ್ದೇನೆ.

ಹೂಸ್ಟನ್‌ಗೆ ಕಂಪನಿಯವರು ನನ್ನೊಬ್ಬನನ್ನೇ ಕಳಿಸಿದರು. ಒಂದು ಪಿಕಪ್ ಟ್ರಕ್, ಒಂದು ಚೀಲ, ಒಂದು ಬಾಡಿಗೆ ಕೋಣೆ. ಬೆಳಿಗ್ಗೆ ಆಫೀಸಿನವಳು ಫೋನಿನಲ್ಲಿ ವಿಳಾಸಗಳನ್ನು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮನೆಗೆ ಹೋದರೆ ಜನ ಕೈಯಲ್ಲಿ ಕಪಾಟು ತೋರಿಸಿ ತಮ್ಮ ಪಾಡಿಗೆ ಟಿವಿ ನೋಡುತ್ತಿದ್ದರು. ನನ್ನ ಬಣ್ಣ ನೋಡಿ ಎಲ್ಲರೂ ಮೆಕ್ಸಿಕೋದವನು ಎಂದುಕೊಳ್ಳುತ್ತಿದ್ದರು. ಮೆಕ್ಸಿಕೋದವರೂ ಹಾಗೆಯೇ ಅಂದುಕೊಂಡು ಸ್ಪ್ಯಾನಿಶ್‌ನಲ್ಲಿ ಮಾತಾಡಿಸಿ, ನಾನು ಬೆಬ್ಬೆಬ್ಬೆ ಎಂದಾಗ ಮುಖ ತಿರುಗಿಸುತ್ತಿದ್ದರು. ಕನ್ನಡದವರು ಊರಿನಲ್ಲಿ ಒಂದಿಷ್ಟು ಜನ ಇದ್ದರು, ಡಾಕ್ಟರುಗಳು, ಇಂಜಿನಿಯರುಗಳು. ಒಮ್ಮೆ ಯಾರದೋ ಮನೆಯ ಯುಗಾದಿ ಊಟಕ್ಕೆ ಹೋಗಿದ್ದೆ. "ಏನ್ ಮಾಡ್ಕೊಂಡಿದೀರಾ?" ಎಂದು ಒಬ್ಬರು ಕೇಳಿದರು. "ಬಾಯ್ಲರ್ ಇಂಜಿನಿಯರ್" ಎಂದೆ. "ಓ! ಯಾವ ಕಂಪನಿ? ಯಾವ ಡಿವಿಷನ್?" ಎಂದರು. ಅರ್ಧ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅವತ್ತಿನಿಂದ ಕನ್ನಡದವರ ಕಡೆ ತಲೆ ಹಾಕಲಿಲ್ಲ.

ಒಂಟಿತನ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಕಪಾಟಿನೊಳಗೆ ಮಂಡಿಯೂರಿ ಕೂತು ಬಾಯ್ಲರ್ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. "ಏನಪ್ಪಾ ನಿನ್ನ ತಾಪತ್ರಯ? ಹತ್ಕೋ ಮಾರಾಯ, ಹತ್ಕೋ." ಹತ್ತಿಕೊಂಡರೆ "ಶಹಬ್ಬಾಸ್" ಎನ್ನುತ್ತಿದ್ದೆ. ಹಬ್ಬ ಹುಣ್ಣಿಮೆ ನನಗೆ ಗೊತ್ತಾಗುತ್ತಿದ್ದದ್ದು ಅಮ್ಮನ ಕಾಗದದಿಂದ, ಅದೂ ಹಬ್ಬ ಮುಗಿದು ಮೂರು ವಾರವಾದ ಮೇಲೆ.

ಹೀಗಿರುವಾಗ ಒಂದು ಜನವರಿಯಲ್ಲಿ, ಉತ್ತರದ ಚಳಿಗಾಳಿ ಬೀಸುತ್ತಿದ್ದ ದಿನ, ಆಸ್ಪತ್ರೆಗಳ ಹತ್ತಿರದ ಒಂದು ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಎರಡನೆಯ ಮಹಡಿ. ಪೈಲಟ್ ಆರಿದೆ. ಬಾಗಿಲು ತಟ್ಟಿದೆ. ಸರಪಳಿ ಹಾಕಿದ ಬಾಗಿಲ ಸಂದಿಯಿಂದ ಸ್ವೆಟರ್ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಇಣುಕಿದಳು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ನಮ್ಮ ದೇಶದವಳು. ಆಫೀಸಿನವಳು ಹೆಸರು ಹೇಳಿರಲಿಲ್ಲ, ಬರೀ ಮನೆ ನಂಬರು ಕೊಟ್ಟಿದ್ದಳು. ನಾನು ಟೋಪಿ ಇನ್ನಷ್ಟು ಕೆಳಗೆಳೆದುಕೊಂಡು "ಬಾಯ್ಲರ್" ಎಂದೆ. ಅವಳು ಸರಪಳಿ ತೆಗೆದು ಹಜಾರದ ಕಪಾಟು ತೋರಿಸಿ, ಫೋನ್ ಎತ್ತಿಕೊಂಡಳು.

"ಅಂವ ಬಂದಾನ್ರಿ. ಮೆಕ್ಸಿಕೋದಾಂವ ಇದ್ದಂಗ ಕಾಣಸ್ತಾನ. ಇಲ್ರಿ, ಹೆದರಿಲ್ಲ. ನೀವ್ ಪೇಷಂಟ್ ಎಲ್ಲಾ ನೋಡಿ ಎಷ್ಟೊತ್ತಿಗೆ ಬರ್ತೀರಿ?"

ಧಾರವಾಡದ ಕಡೆಯ ಕನ್ನಡ. ಯುಗಾದಿ ಊಟದ ಮೇಲೆ, ಹೆಚ್ಚುಕಡಿಮೆ ಹತ್ತು ತಿಂಗಳಿನಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಗಂಡ ಡಾಕ್ಟರು ಎಂದು ಅವಳ ಮಾತಿನಿಂದಲೇ ಗೊತ್ತಾಗುತ್ತಿತ್ತು. ಇಂದು ಇವರಿಗೆ ಗೊತ್ತಾದರೆ ನಾಳೆ ಊರಿನ ಕನ್ನಡದವರಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಯಾರದೋ ಕಾಗದ ಮೈಸೂರಿಗೆ ಹೋಗುತ್ತದೆ, ಅಪ್ಪ ಬೀದಿಯಲ್ಲಿ ತಲೆಯೆತ್ತದಂತಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿ ಥರ್ಮೋಕಪಲ್ ಬದಲಾಯಿಸಿದೆ. ಪೈಲಟ್ ಹಚ್ಚಿದೆ. ಉರಿ ನೀಲಿಯಾಗಿ, ನೆಟ್ಟಗೆ, ಚೆನ್ನಾಗಿತ್ತು. "ಓಕೆ, ಮ್ಯಾಮ್" ಎಂದು ಹೊರಟುಬಿಟ್ಟೆ.

ವಾರದೊಳಗೆ ಅದೇ ಮನೆಯಿಂದ ಮತ್ತೆ ಕರೆ. ಈ ಸಲ ನಾನು ಕಪಾಟಿನ ಬಾಗಿಲು ತೆಗೆಯುವಾಗ ಅವಳು ಫೋನಿನಲ್ಲಿ, "ಹೂಂ, ಎಲ್ಲಾ ತಗದ ಇಟ್ಟೇನ್ರಿ. ಏನೂ ಕಾಣಂಗಿಲ್ಲ" ಎಂದಳು. ಏನನ್ನು ತೆಗೆದಿಟ್ಟಳೋ? ಆರಿದ್ದ ಪೈಲಟ್ ಹಚ್ಚಿ, ಟಾರ್ಚ್ ಹಾಕಿ ನೋಡಿದೆ. ಉರಿ ನೀಲಿಯಾಗಿಯೇ ಇತ್ತು. ಆದರೆ ಬಾಯ್ಲರಿನ ನೆತ್ತಿಯಲ್ಲಿ, ಹೊಗೆ ಕೊಳವೆ ಶುರುವಾಗುವ ಕಡೆ, ತಗಡಿಗೆ ಮಸಿ ಹಿಡಿದಿತ್ತು. ನೀಲಿ ಉರಿ ಮಸಿ ಹಿಡಿಸುವುದಿಲ್ಲ. ಗಾಳಿ ಸಾಲದೆ ಹಳದಿಯಾಗಿ ಉರಿಯುವ ಬೆಂಕಿ ಹಿಡಿಸುತ್ತದೆ. ಅಂಥ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವಿನಲ್ಲಿ ಶುರುವಾಗಿ ಜೀವ ತೆಗೆಯುತ್ತದೆ. ಇನ್ನೂ ಬಗ್ಗಿ ನೋಡಿದೆ. ಬಾಯ್ಲರಿನ ತಗಡಿನ ಮೇಲೆ, ಪೈಲಟ್ಟಿನ ಕಿಂಡಿಯ ಮೇಲುಗಡೆ, ಒಂದು ಕುಂಕುಮದ ಬೊಟ್ಟು. ನೆಲದ ಮೂಲೆಯಲ್ಲಿ ನಾಲ್ಕು ಅಕ್ಷತೆ ಕಾಳು.

ಅಷ್ಟು ಸಾಕಿತ್ತು ನನಗೆ. ಈ ಹೆಣ್ಣುಮಗಳು ಕಪಾಟನ್ನೇ ದೇವರಮನೆ ಮಾಡಿದ್ದಾಳೆ, ರಿಪೇರಿಯವನು ಬರುವಾಗ ಎಲ್ಲ ಎತ್ತಿಡುತ್ತಾಳೆ. ಬಾಯ್ಲರ್ ಕಪಾಟಿನಲ್ಲಿ ಏನೂ ಇಡಬಾರದೆಂದು ಅಲ್ಲಿನ ಬಾಡಿಗೆ ಕರಾರಿನಲ್ಲೇ ಇರುತ್ತಿತ್ತು. ಕನ್ನಡದಲ್ಲಿ ಒಂದೇ ಒಂದು ಮಾತು ಕೇಳಿದ್ದರೆ ಎಲ್ಲವೂ ಬಯಲಾಗುತ್ತಿತ್ತು. ನಾನು ಇಂಗ್ಲಿಷಿನಲ್ಲಿ, ಇಲ್ಲಿ ಏನೂ ಇಡಬೇಡಿ, ಗಾಳಿ ಬೇಕು ಎಂದೆ. ಅವಳು ಅರ್ಥವಾಗದೆ "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದಳು. ಹೇಳಿದ್ದೇನಲ್ಲ, ನನ್ನ ಕೆಲಸ ಮುಗಿಯಿತು ಎಂದು ಮೆಟ್ಟಿಲು ಇಳಿದೆ. ಥೂ ನನ್ನ!

ಮೂರನೆಯ ಸಲ ಹೋದಾಗ ಅವಳು ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಹೊರಗೆ ಚಳಿಗಾಳಿ, ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಮತ್ತೆ ಫೋನು.

"ತಲಿ ಭಾಳ ನೋಯ್ಲಿಕ್ಕತ್ತದ್ರಿ. ವಾಂತಿ ಬಂದಂಗ ಆಗ್ತದ. ಹೊರಗ ಹೋಗಿ ನಿಂತ್ರ ಆರಾಮ ಅನಸ್ತದ, ಒಳಗ ಬಂದ ಕೂಡ್ಲೆ ಮತ್ತ ಸುರು. ಏನಂದ್ರಿ? ಊರ ನೆನಪಿಗೇನ್ರಿ? ಹಂಗೂ ಇರಬೇಕು ಬಿಡ್ರಿ."

ಆ ಗಂಡನನ್ನು ನಾನು ಬೈಯುವುದಿಲ್ಲ. ಅವನಿಗೆ ಮಸಿ ಕಂಡಿರಲಿಲ್ಲ, ನನಗೆ ಕಂಡಿತ್ತು. ಹೊರಗೆ ನಿಂತರೆ ಆರಾಮ, ಒಳಗೆ ಬಂದರೆ ನೋವು ಎಂದರೆ ಏನೆಂದು ನಮ್ಮ ಕಸುಬಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಪೈಲಟ್ ಹಚ್ಚಿದೆ. ಕಪಾಟು ಖಾಲಿ, ಬಾಗಿಲಿನ ಗಾಳಿಕಿಂಡಿಗಳು ತೆರೆದಿದ್ದವು, ಉರಿ ನೀಲಿ. ನೋಡಿದರೆ ಯಾವ ದೋಷವೂ ಇಲ್ಲ. ಚೀಟಿಯಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ. ಅವತ್ತು ಆ ಸಹಿ ಹಾಕಿದ ಕೈಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಮುಂದಿನ ಮನೆಗೆ ಹೋದೆ. ಅಲ್ಲಿ ಏನು ರಿಪೇರಿ ಮಾಡಿದೆನೋ ನೆನಪಿಲ್ಲ. ಕಿವಿಯಲ್ಲಿ ಅರ್ಲ್ ಮಾತೇ ಗುಂಯ್‌ಗುಡುತ್ತಿತ್ತು. ನೀನಿಲ್ಲದಾಗ ಈ ಮನೆ ಹೆಂಗಿರುತ್ತೆ? ಅವಳು ಈಗ ದೇವರನ್ನು ಮತ್ತೆ ಒಳಗಿಟ್ಟಿರುತ್ತಾಳೆ. ಬಟ್ಟೆ ಒಗೆಯಲು ಬಿಸಿನೀರು ಬಿಟ್ಟಿರುತ್ತಾಳೆ. ಬರ್ನರ್ ಧಗಧಗ ಉರಿಯುತ್ತಿರುತ್ತದೆ, ಹಳದಿಯಾಗಿ. ಚೀಲವನ್ನು ಅರ್ಧಕ್ಕೇ ಮುಚ್ಚಿ, ಮನೆಯವರಿಗೆ ಏನೋ ಸಬೂಬು ಹೇಳಿ, ಟ್ರಕ್ ತಿರುಗಿಸಿದೆ. ನಾನು ಆ ಮನೆಯಿಂದ ಹೊರಟು ಎರಡು ಗಂಟೆಯಾಗಿತ್ತು.

ಬಾಗಿಲು ತಟ್ಟಿದೆ. ಉತ್ತರವಿಲ್ಲ. ಒಳಗಿನಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು, ನಲ್ಲಿಯ ನೀರು ಸುರಿಯುತ್ತಿತ್ತು. "ಮ್ಯಾಮ್! ಬಾಯ್ಲರ್ ರಿಪೇರಿ!" ಎಂದು ಕೂಗಿದೆ. ಏನೋ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಒಬ್ಬಳೇ ಇರುವಾಗ, ಕರೆಯದೆ ಬಂದ ಗಂಡಸಿಗೆ ಬಾಗಿಲು ತೆಗೆಯಬಾರದೆಂದು ಗಂಡ ಹೇಳಿದ್ದನಂತೆ. ಮತ್ತೆ ತಟ್ಟಿದೆ. ಮತ್ತೆ ಇಂಗ್ಲಿಷಿನಲ್ಲೇ ಕೂಗಿದೆ, ನೋಡಿ ನನ್ನ ಹಣೆಬರಹ! ಆಮೇಲೆ ಎಲ್ಲಿಂದ ಬಂತೋ, ಗಂಟಲು ಹರಿಯುವ ಹಾಗೆ ಕಿರುಚಿದೆ.

"ಅಮ್ಮಾ! ಬಾಗಿಲು ತೆಗೀರಿ! ನಾನು ಕನ್ನಡದೋನು, ಮೈಸೂರಿನೋನು! ನಿಮ್ಮ ಕಪಾಟಿಂದ ವಿಷ ಬರ್ತಿದೆ, ಎದ್ದು ಬನ್ನಿ ತಾಯಿ!"

ಬಾಗಿಲಿಗೆ ಕಿವಿಯಿಟ್ಟು ನಿಂತೆ. ಆಮೇಲೆ ನೆಲದ ಮೇಲೆ ತೆವಳುವ ಸದ್ದು. ಬಳೆ ಬಾಗಿಲಿಗೆ ತಾಗಿತು. ಸರಪಳಿ ಕಳಚಿತು. ಬಾಗಿಲಲ್ಲೇ ಕುಸಿದಳು. ಎರಡೂ ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಎಳೆದು ತಂದು ಕೂರಿಸಿದೆ. ಎದುರು ಮನೆಯವರನ್ನು ಕೂಗಿ ಆಂಬ್ಯುಲೆನ್ಸಿಗೆ ಫೋನ್ ಮಾಡಿಸಿದೆ. ಉಸಿರು ಬಿಗಿಹಿಡಿದು ಒಳಗೆ ಓಡಿ ಗ್ಯಾಸ್ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆಗೆದೆ.

ಆಮೇಲೆ ಕಪಾಟು ನೋಡಿದೆ. ಬಾಯ್ಲರಿನ ಮುಂದೆ ಪುಟ್ಟ ಮಣೆ, ಮಣೆಯ ಮೇಲೆ ದೇವರ ಪಟ, ಕುಂಕುಮದ ಭರಣಿ. ಬಾಗಿಲಿನ ಗಾಳಿಕಿಂಡಿಗಳಿಗೆಲ್ಲ ಹಳೆಯ ಸೀರೆಯ ಚೂರುಗಳನ್ನು ಒತ್ತಿ ಒತ್ತಿ ತುರುಕಿದ್ದಳು. ಮೂರು ಸಲ ಹುಡುಕಿದರೂ ಸಿಗದ ದೋಷ ಅಲ್ಲಿತ್ತು.

ಹೊರಗೆ ಚಳಿಗಾಳಿಯಲ್ಲಿ ಅವಳಿಗೆ ನಿಧಾನವಾಗಿ ಎಚ್ಚರ ತಿಳಿಯಿತು. ನನ್ನ ಕೋಟು ಹೊದಿಸಿದ್ದೆ.

"ಅದು ಯಾವಾಗ್ಲೂ ಉರಿಯೂ ದೀಪ ಅಲ್ರಿ," ಎಂದಳು, ಉಸಿರು ಎಳೆದುಕೊಳ್ಳುತ್ತಾ. "ನಂದಾದೀಪ ಇದ್ದಂಗ. ಅದಕ್ಕ ಅಲ್ಲೇ ದೇವರ್ನ ಇಟ್ಟೆ. ದೀಪ ಆರೂದು ಚಲೋ ಅಲ್ಲ ನೋಡ್ರಿ. ಗಾಳಿಗೆ ಆರಬಾರ್ದಂತ ಕಿಂಡಿಗೆ ಅರಿವಿ ತುರುಕಿದೆ. ಆದ್ರೂ ಆರ್ತು. ಮತ್ತಷ್ಟು ತುರುಕಿದೆ."

ಆರಿದ್ದೇ ಗಾಳಿಯಿಲ್ಲದೆ. ಆರಿದಷ್ಟೂ ಅವಳು ಗಾಳಿ ಮುಚ್ಚಿದಳು, ಮುಚ್ಚಿದಷ್ಟೂ ಅದು ಆರಿತು. ಯಾವ ಪುಸ್ತಕದಲ್ಲೂ ಈ ದೋಷ ಬರೆದಿಲ್ಲ. ಬರೆಯಲು ನಾನೊಬ್ಬನೇ ಇದ್ದೆ, ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅವಳು ನನ್ನ ಮುಖವನ್ನು, ಅಂಗಿಯ ಮೇಲಿನ 'ಸ್ಯಾಮ್' ಅನ್ನು ನೋಡಿದಳು.

"ಮೂರು ಸಲ ಬಂದ್ರಲ್ಲಾ. ನಾ ಮಾತಾಡಿದ್ದೆಲ್ಲಾ ನಿಮಗ ತಿಳೀತಿತ್ತಲ್ಲಾ. ಯಾಕ ಮಾತಾಡ್ಲಿಲ್ರಿ? ನಾ ಈ ಊರಿಗೆ ಬಂದು ಎಂಟು ತಿಂಗಳಾತು. ಮನಿಯವ್ರನ್ನ ಬಿಟ್ರ ಯಾರ ಕೂಡಾನೂ ಒಂದು ಮಾತಿಲ್ಲ."

"ನಾಚಿಕೆ ಆಯ್ತಮ್ಮ," ಎಂದೆ. "ಊರಲ್ಲಿ ಇಂಜಿನಿಯರ್ ಅಂತ ಹೇಳಿದೀನಿ."

ಅವಳು ಕೋಟನ್ನು ಮೈಗೆ ಎಳೆದುಕೊಂಡಳು. "ನಮಗೂ ನಾಚಿಕಿನ ಆಗಿತ್ರಿ," ಎಂದಳು. "ರಿಪೇರಿ ಮಾಡಾಂವ ನೋಡಿ ನಕ್ಕಾನು ಅಂತ ದೇವರ್ನ ತಗದ ಇಡ್ತಿದ್ದೆ."

ನನಗೆ ಅಳು ಬಂತು. ಅಲ್ಲೇ ಮೆಟ್ಟಿಲ ಮೇಲೆ, ಯೂನಿಫಾರ್ಮಿನಲ್ಲಿ, ಕೈತುಂಬ ಮಸಿ ಮಾಡಿಕೊಂಡು ಅತ್ತೆ.

ಆಂಬ್ಯುಲೆನ್ಸ್ ಬಂತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಮನೆಗೆ ಬಂದಳು. ಮೂರನೆಯ ದಿನ ನಾನು ಹೋಗಿ ಕಪಾಟಿನ ಕಿಂಡಿಗಳಿಗೆ, ಯಾರೂ ಏನೂ ತುರುಕದ ಹಾಗೆ, ಒಳಗಿನಿಂದ ತಂತಿಯ ಬಲೆ ಹೊಡೆದೆ. ಹೊಗೆ ಕೊಳವೆ ಬಿಚ್ಚಿ ಮಸಿ ತೆಗೆದು ಕೂರಿಸಿದೆ. ಬರ್ನರ್ ಬದಲಾಯಿಸಿದೆ. ಹೊಗೆ ಒಳಗೆ ಸೋರದೆ ಹೊರಗೆ ಹೋಗುತ್ತದೆಯೇ ಎಂದು ಕನ್ನಡಿ ಹಿಡಿದು ಮೂರು ಸಲ ನೋಡಿದೆ, ಕನ್ನಡಿಯ ಮೇಲೆ ಆವಿ ಕೂರಲಿಲ್ಲ. ದೇವರ ಪಟವನ್ನು ಅವಳ ಗಂಡ ಡಾಕ್ಟರೇ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಊಟಾ ಮಾಡಿಕೊಂಡ ಹೋಗ್ರಿ," ಎಂದಳು ಅವಳು. "ರೊಟ್ಟಿ ಝುಣಕಾ ಮಾಡೇನಿ. ಕೂಡ್ರಿ."

ಕೂರಬೇಕಿತ್ತು. ಕೈ ಮಸಿಯಾಗಿದೆ, ಇನ್ನೂ ಎರಡು ಕರೆ ಬಾಕಿ ಇದೆ, ಇನ್ನೊಂದು ಸಲ ಬರುತ್ತೇನೆ ಎಂದೆ. ಆ ಹಾಳು ನಾಚಿಕೆ ಪೂರ್ತಿ ಹೋಗಿರಲಿಲ್ಲ.

ಆ ಭಾನುವಾರ ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಒಂದು ತಿಂಗಳು ಊಟ ಸೇರಲಿಲ್ಲ. ಕೊನೆಗೆ ಉತ್ತರ ಬಂತು. ಎಲ್ಲರ ಕ್ಷೇಮ ಸಮಾಚಾರ ಬರೆದು, ನನ್ನ ಸುಳ್ಳಿನ ಬಗ್ಗೆ ಒಂದು ಅಕ್ಷರವನ್ನೂ ಎತ್ತದೆ, ಕೊನೆಯಲ್ಲಿ ಹೀಗೆ ಕೇಳಿದ್ದರು: 'ನಮ್ಮ ಬಚ್ಚಲಿನ ಬಾಯ್ಲರ್ ಹೊಗೆಯನ್ನು ಒಳಕ್ಕೇ ಬಿಡುತ್ತಿದೆ. ಏನು ಮಾಡಬೇಕೆಂದು ವಿವರವಾಗಿ ಬರೆಯತಕ್ಕದ್ದು.' ನಾಲ್ಕು ಪುಟ ಬರೆದೆ, ಚಿತ್ರ ಸಮೇತ.

ಈಗ ಕಾಲ ಬದಲಾಗಿದೆ. ಹೊಸ ಬಾಯ್ಲರುಗಳಲ್ಲಿ ಪೈಲಟ್ ಇಲ್ಲ, ಬೇಕಾದಾಗ ಕಿಡಿ ಹಾರಿ ತಾನೇ ಹತ್ತಿಕೊಳ್ಳುತ್ತದೆ. ವಿಷಗಾಳಿ ಬಂದರೆ ಗೋಡೆಯ ಮೇಲಿನ ಅಲಾರಂ ಕಿರುಚುತ್ತದೆ. ನಮ್ಮ ಕಾಲದಲ್ಲಿ ಕಿರುಚಲು ಮನುಷ್ಯರೇ ಬೇಕಿತ್ತು. ಮಗೂ, ನಿನ್ನ ಮೀಟರು ಎಲ್ಲ ಸರಿಯಿದೆ ಎಂದು ತೋರಿಸಿದರೂ ಮನೆಯವರನ್ನು ಮಾತಾಡಿಸು. ನಿನಗೆ ಬರುವ ಭಾಷೆಯಲ್ಲೆಲ್ಲ ಮಾತಾಡಿಸು. ಊಟಕ್ಕೆ ಕರೆದರೆ ಕೂತು ಊಟ ಮಾಡು.

ಅದಾದ ಮೇಲೆ ಆರು ವರ್ಷ ನಾನು ಹೂಸ್ಟನ್‌ನಲ್ಲೇ ಇದ್ದೆ. ಬೆಳಿಗ್ಗೆ ಆಫೀಸಿನವಳು ವಿಳಾಸಗಳನ್ನು ಓದುವಾಗ ಪೆನ್ಸಿಲ್ ಹಿಡಿದು ಕಾಯುತ್ತಿದ್ದೆ, ಆ ಮನೆಯ ನಂಬರು ಬರುತ್ತದೆಯೇ ಎಂದು. ಚೀಲದಲ್ಲಿ ಕೈ ತೊಳೆಯಲು ಬೇರೆ ಸೋಪು, ಒಗೆದ ಒಂದು ಅಂಗಿ ಇಟ್ಟುಕೊಂಡಿದ್ದೆ. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಬಾಯ್ಲರನ್ನು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ.